ಪ್ಲಾಸ್ಟಿಕ್ ಕ್ರಿಸ್ಮಸ್ ಮರ ಎತ್ತಿಡಬೇಕು, ಬಂದ ಪೆಟ್ಟಿಗೆಯಲ್ಲಿ ಹಿಡಿಸುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಕೊಂಬೆರೆಂಬೆ

ಹಬ್ಬ ಮುಗಿದಿದೆ, ಮರ ಇನ್ನೂ ನಡುಮನೆಯಲ್ಲೇ ನಿಂತಿದೆ. ಆರಡಿ ಎತ್ತರ, ಮೂರು ತುಂಡು, ಕೊಂಬೆಗಳು ಕಂಬಕ್ಕೇ ಕೀಲು ಹಾಕಿ ಜೋಡಿಸಿರುವ ಮಾದರಿ, ಲೈಟಿನ ಸರವೂ ಮೊದಲೇ ಸುತ್ತಿಕೊಂಡೇ ಬಂದಿದ್ದು. ಬಂದ ರಟ್ಟಿನ ಪೆಟ್ಟಿಗೆ ಇದೆ, ಆದರೆ ಎರಡು ತುಂಡು ಹೋದ ಮೇಲೆ ಮೂರನೆಯದಕ್ಕೆ ಜಾಗವೇ ಉಳಿಯುವುದಿಲ್ಲ. ಕಾರ್ಖಾನೆಯಲ್ಲಿ ಇದನ್ನು ಹೇಗೆ ತುರುಕಿದರೋ ಗೊತ್ತಿಲ್ಲ.

ಜಾಗದ್ದು ಇನ್ನೊಂದು ತಲೆನೋವು. ಚಾವಣಿಯ ಕೆಳಗೇ ಇರುವ ಅಟ್ಟ ಖಾಲಿ ಇದೆ, ಮೆಟ್ಟಿಲ ಕೆಳಗೂ ಸ್ವಲ್ಪ ಜಾಗ ಇದೆ. ಮನೆಯಲ್ಲಿ ಒಬ್ಬರು ಗಾಳಿ ಎಳೆದು ಚಪ್ಪಟೆ ಮಾಡುವ ಕವರು ತರೋಣ ಅನ್ನುತ್ತಾರೆ, ಇನ್ನೊಬ್ಬರು ಹಾಗೇ ಬೆಡ್‌ಶೀಟ್ ಹೊದಿಸಿ ಮೂಲೆಗೆ ನಿಲ್ಲಿಸಿಬಿಡು ಅನ್ನುತ್ತಾರೆ. ಯಾವುದು ಸರಿ? ಮುಂದಿನ ವರ್ಷ ತೆಗೆದಾಗ ಮರ ಮರದ ಹಾಗೇ ಇರಬೇಕು, ಅಷ್ಟೇ ನನ್ನ ಆಸೆ.

ಗುಂಡುಸೂಜಿ

ಗಾಳಿ ಎಳೆಯುವ ಕವರು ಬೇಡವೇ ಬೇಡ. ಮೊದಲು ಅದನ್ನು ತಲೆಯಿಂದ ತೆಗೆಯಿರಿ.

ಆ ಕವರು ಹಾಸಿಗೆ ಹೊದಿಕೆಗೆ ಸರಿ. ಈ ಮರದ ಎಲೆ ಹೇಗೆ ಮಾಡುತ್ತಾರೆ ನೋಡಿ. ತೆಳ್ಳನೆಯ ಪಿವಿಸಿ ಹಾಳೆಯನ್ನು ಸಣ್ಣ ಸಣ್ಣ ಪಟ್ಟಿಯಾಗಿ ಸೀಳಿ, ಎರಡು ತಂತಿಗಳ ನಡುವೆ ಇಟ್ಟು, ತಂತಿಯನ್ನು ಹುರಿ ಮಾಡುತ್ತಾರೆ. ಬಾಟಲಿ ತೊಳೆಯುವ ಬ್ರಶ್ಶನ್ನೂ ಹೀಗೇ ಮಾಡುವುದು. ಆ ಬ್ರಶ್ಶಿನ ಮೇಲೆ ಒಂದು ವರ್ಷ ಭಾರ ಹೇರಿಟ್ಟರೆ ಏನಾಗುತ್ತದೆ? ಎಳೆಗಳೆಲ್ಲ ಒಂದೇ ಕಡೆ ಮಲಗಿ ಹಾಗೇ ಉಳಿದುಬಿಡುತ್ತವೆ. ಪ್ಲಾಸ್ಟಿಕ್ಕು ಒತ್ತಡದಲ್ಲಿ ತುಂಬಾ ದಿನ ಇದ್ದರೆ ಆ ಆಕಾರಕ್ಕೇ ಹೊಂದಿಕೊಳ್ಳುತ್ತದೆ. ಸೆಖೆ ಇದ್ದರೆ ಇನ್ನೂ ಬೇಗ.

ಅಟ್ಟವೂ ಬೇಡ. ಚಾವಣಿಯ ಕೆಳಗಿನ ಅಟ್ಟ ಅಂದರೆ ಬಿಸಿಲುಗಾಲದಲ್ಲಿ ಒಲೆ ಪಕ್ಕ ಇಟ್ಟ ಲೆಕ್ಕ. ಮೆಟ್ಟಿಲ ಕೆಳಗೆ ಒದ್ದೆ ಇಲ್ಲ ಅಂದರೆ ಅದೇ ಒಳ್ಳೆಯದು.

ಕೊಂಬೆರೆಂಬೆ

ಅಟ್ಟದಲ್ಲಿ ಸೂಟ್‌ಕೇಸು, ಹಳೇ ಪಾತ್ರೆ ಎಲ್ಲ ವರ್ಷಗಟ್ಟಲೆ ಇವೆ, ಏನೂ ಆಗಿಲ್ಲವಲ್ಲ?

ಹಳೇಪೆಟ್ಟಿಗೆ

ಪಾತ್ರೆಗೂ ಪಿವಿಸಿಗೂ ಅಜಗಜಾಂತರ. ಪಿವಿಸಿ ಅನ್ನುವುದು ಮೂಲದಲ್ಲಿ ಗಟ್ಟಿ, ಪೈಪು ನೋಡಿಲ್ಲವೇ? ಬಾಗಿ ಬಳುಕಲಿ ಅಂತ ಅದಕ್ಕೆ ಪ್ಲಾಸ್ಟಿಸೈಸರ್ ಬೆರೆಸುತ್ತಾರೆ. ವರ್ಷಗಳು ಹೋದಂತೆ ಅದು ಮೆಲ್ಲಗೆ ಹೊರಗೆ ಬರುತ್ತದೆ, ಬಿಸಿ ಜಾಸ್ತಿ ಆದಷ್ಟೂ ಬೇಗ ಬರುತ್ತದೆ. ಹಳೇ ಮರ ಮುಟ್ಟಿದರೆ ಎಲೆ ಪಟಪಟ ಮುರಿಯುವುದು, ನೆಲದ ತುಂಬ ಹಸಿರು ಚೂರು ಬೀಳುವುದು, ಇದಕ್ಕೇ. ಬಿಸಿಲು ಬಿದ್ದರೆ ಬಣ್ಣವೂ ಹೋಗುತ್ತದೆ. ಕಿಟಕಿ ಪಕ್ಕ ಇಡುವವರು ಅದನ್ನೂ ಗಮನಿಸಿ.

ಪಿಇ ಅಂತ ಇನ್ನೊಂದು ಬಗೆ ಇದೆ. ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ ಎಲೆ, ದಪ್ಪಗೆ, ನಿಜವಾದ ಮರದ ತುದಿಯಂತೆಯೇ ಕಾಣುತ್ತದೆ. ಅದು ಅಷ್ಟು ಸುಲಭಕ್ಕೆ ಮುರಿಯಲ್ಲ. ಆದರೆ ಹೆಚ್ಚಿನ ಮರಗಳಲ್ಲಿ ಹೊರಗಿನ ತುದಿಗಳಿಗೆ ಮಾತ್ರ ಪಿಇ ಹಾಕಿ, ಕಂಬದ ಹತ್ತಿರ ತುಂಬಿಸಲು ಪಿವಿಸಿ ಹಾಕಿರುತ್ತಾರೆ. ಹಾಗಾಗಿ ನಮ್ಮದು ಒಳ್ಳೇ ಮರ ಅಂತ ಅಟ್ಟಕ್ಕೆ ಏರಿಸಬೇಡಿ.

ಸುಮ್ನೆಓದುಗ

ಇಷ್ಟೆಲ್ಲಾ ಯಾಕ್ರೀ? ನಾನು ಮೇಲಿನ ನಕ್ಷತ್ರ ತೆಗೆದು, ದೊಡ್ಡ ಬೆಡ್‌ಶೀಟು ಹೊದಿಸಿ, ಅಲಂಕಾರದ ಸಮೇತ ಖಾಲಿ ಕೋಣೆಯ ಮೂಲೆಗೆ ತಳ್ಳುತ್ತೇನೆ. ಮುಂದಿನ ಸಲ ಬೆಡ್‌ಶೀಟು ಎಳೆದರೆ ಮರ ರೆಡಿ. ಮಡಚುವುದೂ ಇಲ್ಲ, ಬಿಡಿಸುವುದೂ ಇಲ್ಲ.

ಗುಂಡುಸೂಜಿ

ಜಾಗ ಇರುವವರ ಮಾತು ಅದು. 😀 ಮಡಚುವುದಕ್ಕಿಂತ ಹಾಗೇ ನಿಲ್ಲಿಸಿಡುವುದು ಎಲೆಗಳಿಗೆ ಒಳ್ಳೆಯದೇ, ಅದನ್ನು ಒಪ್ಪುತ್ತೇನೆ. ಆದರೆ ಅಲಂಕಾರ ಸಮೇತ ಬೇಡ. ಗಾಜಿನ ಗುಂಡು, ಗಂಟೆ ಎಲ್ಲ ವರ್ಷವಿಡೀ ನೇತಾಡಿದರೆ ಕೊಂಬೆಯ ತುದಿ ಕೆಳಗೆ ಬಾಗುತ್ತದೆ, ಕೊಂಬೆಯ ಬುಡದ ಕೀಲೂ ಸಡಿಲವಾಗುತ್ತದೆ. ಯಾರೋ ಕಾಲು ತಗುಲಿಸಿದರೆ ಗಾಜೆಲ್ಲ ನೆಲಕ್ಕೆ. ಖಾಲಿ ಮಾಡಿ ನಿಲ್ಲಿಸಿ. ಹೊದಿಸುವುದು ಬಟ್ಟೆಯೇ ಆಗಿರಲಿ, ಗಾಳಿ ಆಡದ ಪ್ಲಾಸ್ಟಿಕ್ ಹಾಳೆ ಬೇಡ.

ಸುಮ್ನೆಓದುಗ

ಗಾಜಿನದು ನನ್ನ ಹತ್ತಿರ ಇಲ್ಲ, ಎಲ್ಲ ಹಗುರ ಪ್ಲಾಸ್ಟಿಕ್ಕು. ಆದರೂ ಕೆಳಗಿನ ಸಾಲು ಸ್ವಲ್ಪ ಜೋತಿರುವುದು ನಿಜ. ನೋಡೋಣ.

ತಂತಿಗಂಟು

ಲೈಟಿನ ವಿಷಯ ಯಾರೂ ಹೇಳಲಿಲ್ಲ, ಅದು ನನ್ನ ಪಾಲಿಗೆ ಬಿಟ್ಟಿದ್ದೀರಿ ಅಂದುಕೊಳ್ಳುತ್ತೇನೆ.

ಎತ್ತಿಡುವ ಮುಂಚೆ ಒಂದು ಸಲ ಪೂರ್ತಿ ಹೊತ್ತಿಸಿ ನೋಡಿ. ಎಲ್ಲರೂ ಮುಂದಿನ ವರ್ಷ ತೆಗೆದಾಗ ನೋಡುತ್ತಾರೆ, ಆಗ ಅರ್ಧ ಮರ ಕತ್ತಲೆ, ಅಂಗಡಿಯಲ್ಲಿ ಆ ಬಲ್ಬು ಸಿಗಲ್ಲ. ಈಗಲೇ ನೋಡಿದರೆ ಸರಿಪಡಿಸಲು ವರ್ಷವಿಡೀ ಸಮಯ ಇದೆ.

ಹಳೇ ಮಾದರಿಯ ಚಿಕ್ಕ ಬಲ್ಬುಗಳಾದರೆ ಅವು ಸಾಲಾಗಿ, ಅಂದರೆ ಸೀರೀಸ್‌ನಲ್ಲಿ ಇರುತ್ತವೆ. ಒಂದು ಬಲ್ಬಿನ ಒಳಗಿನ ತಂತಿ ಸುಟ್ಟರೂ ಉಳಿದವು ಉರಿಯಲಿ ಅಂತ ಪ್ರತಿ ಬಲ್ಬಿನ ಬುಡದಲ್ಲಿ ಶಂಟ್ ಅನ್ನುವ ಸಣ್ಣ ತಂತಿ ಇರುತ್ತದೆ, ಕರೆಂಟು ಅದರ ಮೂಲಕ ದಾಟುತ್ತದೆ. ಆದರೆ ಬಲ್ಬು ಹೋಲ್ಡರಿನಿಂದ ಜಾರಿ ಹೊರಗೆ ಬಂದರೆ ಶಂಟ್ ಏನೂ ಮಾಡಲಾರದು, ಆ ಸಾಲು ಪೂರ್ತಿ ಆರುತ್ತದೆ. ಮಡಚುವಾಗ ಆಗುವುದು ಹೆಚ್ಚಾಗಿ ಇದೇ. ಕೊಂಬೆ ಎತ್ತುವಾಗ ತಂತಿ ಬಿಗಿಯಾಗಿ ಬಲ್ಬು ಅರ್ಧ ಎದ್ದುಬರುತ್ತದೆ. ಹಾಗಾಗಿ ಒಂದು ಸಾಲು ಆರಿತು ಅಂದರೆ ತಂತಿ ಕತ್ತರಿಸಲು ಹೋಗಬೇಡಿ. ಪ್ಲಗ್ ಕಿತ್ತು, ಆ ಸಾಲಿನ ಒಂದೊಂದೇ ಬಲ್ಬನ್ನು ಬೆರಳಲ್ಲಿ ಒತ್ತಿ ನೋಡಿ.

ಸುಟ್ಟ ಬಲ್ಬನ್ನು ಹೇಗೂ ಉಳಿದವು ಉರಿಯುತ್ತಿವೆಯಲ್ಲ ಅಂತ ಬಿಟ್ಟರೆ, ಅದರ ಪಾಲಿನ ವೋಲ್ಟೇಜನ್ನೂ ಉಳಿದವೇ ಹಂಚಿಕೊಳ್ಳಬೇಕು. ಅವೂ ಒಂದರ ಹಿಂದೆ ಒಂದು ಹೋಗುತ್ತವೆ.

ಎಲ್‌ಇಡಿ ಆದರೆ ಬದಲಿಸುವಾಗ ತಿರುಗಿಸಿ ಹಾಕಿದರೂ ಉರಿಯಲ್ಲ. ಹೊಸ ಬಲ್ಬೂ ಕೆಟ್ಟಿದೆ ಅನ್ನುವ ಮುಂಚೆ ಒಮ್ಮೆ ತಿರುಗಿಸಿ ಹಾಕಿ ನೋಡಿ.

ಇನ್ನು ರಿಮೋಟು. ಅದರ ಸೆಲ್ಲು ತೆಗೆದಿಡಿ. ಸೋರಿದ ಅಲ್ಕಲೈನ್ ಸೆಲ್ಲಿನ ಬಿಳಿ ಹಿಟ್ಟು ಸ್ಪ್ರಿಂಗನ್ನೇ ತಿಂದುಹಾಕುತ್ತದೆ.

ಕೊಂಬೆರೆಂಬೆ

ಇದು ಉಪಯೋಗಕ್ಕೆ ಬಂತು, ಧನ್ಯವಾದ. ನಡುವಿನ ತುಂಡಿನಲ್ಲಿ ಒಂದು ಸಾಲು ಮಿಣುಕುತ್ತಿತ್ತು. ಒತ್ತಿ ನೋಡಿದೆ, ಕೊಂಬೆಯ ಬುಡದಲ್ಲೇ ಒಂದು ಬಲ್ಬು ಸಡಿಲ ಇತ್ತು, ಕೂಡಿಸಿದ ಮೇಲೆ ಸರಿಹೋಯಿತು.

ಮಡಚುವುದು ಮೇಲಿನಿಂದಲೋ ಕೆಳಗಿನಿಂದಲೋ?

ಗುಂಡುಸೂಜಿ

ಮೇಲಿನಿಂದ. ಮೊದಲು ಪ್ಲಗ್ ಕಿತ್ತು, ತುಂಡುಗಳ ನಡುವಿನ ಲೈಟಿನ ಜೋಡಣೆ ಬಿಡಿಸಿ. ಬಿಡಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಯಾವ ಪ್ಲಗ್ ಯಾವುದಕ್ಕೆ ಅಂತ. ಇಲ್ಲವಾದರೆ ಎರಡೂ ತುದಿಗೆ ಒಂದೇ ಬಣ್ಣದ ಟೇಪು ಸುತ್ತಿ.

ಮೇಲಿನ ತುಂಡು ತೆಗೆದು ಮೇಜಿನ ಮೇಲೆ ಮಲಗಿಸಿ. ಈಗ ಮುಖ್ಯವಾದದ್ದು: ಕೊಂಬೆಯನ್ನು ಹಿಡಿದು ಕಂಬಕ್ಕೆ ಒತ್ತುವ ಮುಂಚೆ, ಆ ಕೊಂಬೆಯಲ್ಲಿರುವ ಸಣ್ಣ ಸಣ್ಣ ರೆಂಬೆಗಳನ್ನು ತುದಿಯ ಕಡೆಗೆ ಒಂದೊಂದಾಗಿ ಮಡಚಿ ಕೊಂಬೆಗೆ ಅಂಟಿಸಿ. ಬುಡದ ರೆಂಬೆಯಿಂದ ಶುರು ಮಾಡಿ ತುದಿಗೆ ಬನ್ನಿ. ಕಾರ್ಖಾನೆಯಲ್ಲಿ ಹೀಗೇ ಮಡಚಿರುವುದರಿಂದಲೇ ಅದು ಆ ಪೆಟ್ಟಿಗೆಗೆ ಹಿಡಿಸಿರುವುದು. ನಾವು ರೆಂಬೆಗಳನ್ನು ಹರಡಿದ ಹಾಗೇ ಬಿಟ್ಟು ಕೊಂಬೆ ಮಾತ್ರ ಎತ್ತುತ್ತೇವೆ, ಆಮೇಲೆ ಪೆಟ್ಟಿಗೆ ಚಿಕ್ಕದು ಅನ್ನುತ್ತೇವೆ.

ಎಲ್ಲ ಕೊಂಬೆ ಮೇಲೆ ಎತ್ತಿದ ಮೇಲೆ ಹಳೇ ಸೀರೆಯ ಪಟ್ಟಿಯೋ, ಅಗಲವಾದ ಬಟ್ಟೆ ರಿಬ್ಬನ್ನೋ ತೆಗೆದುಕೊಂಡು ಬುಡದಿಂದ ತುದಿಗೆ ಸುತ್ತುತ್ತಾ ಹೋಗಿ. ನಿಲ್ಲುವಷ್ಟು ಬಿಗಿ ಸಾಕು, ಹಿಂಡಬೇಡಿ. ರಬ್ಬರ್ ಬ್ಯಾಂಡು ಹಾಕಬೇಡಿ, ಕೆಲವು ತಿಂಗಳಲ್ಲಿ ಅಂಟಾಗಿ ಎಲೆಗೆ ಹಿಡಿದುಕೊಳ್ಳುತ್ತದೆ. ಕೇಬಲ್ ಟೈ ಹಾಕಿದರೆ ಮುಂದಿನ ವರ್ಷ ಕತ್ತರಿಸುವಾಗ ಲೈಟಿನ ತಂತಿಗೂ ಕತ್ತರಿ ಬೀಳುವ ಸಾಧ್ಯತೆ ಇದೆ.

ಚೀಲಕ್ಕೆ ಹಾಕುವಾಗ ಬುಡದ ತುಂಡು ಮೊದಲು, ಅದು ಭಾರ. ಸಣ್ಣ ತುಂಡು ಕೊನೆಗೆ, ಎಲ್ಲದರ ಮೇಲೆ.

ಬಿಳಿಮಂಜು

ನನ್ನದು ಹಿಮ ಹಚ್ಚಿದ ಮರ, ಎಲೆ ಮೇಲೆ ಬಿಳಿ ಪುಡಿ ಇರುವುದು. ನೀವು ಹೇಳಿದ ಹಾಗೆ ಸುತ್ತಿದರೆ ಅರ್ಧ ಹಿಮ ಸೀರೆಗೇ ಹೋಗುತ್ತದಲ್ಲ?

ಹಳೇಪೆಟ್ಟಿಗೆ

ಹೋಗುತ್ತದೆ. ಆ ಬಿಳಿ ಪದಾರ್ಥ ಸಾಮಾನ್ಯವಾಗಿ ಕಾಗದದ ನಾರಿನ ಪುಡಿ ಮತ್ತು ಅಂಟು. ಪ್ರತಿ ಸಲ ಮುಟ್ಟಿದಾಗಲೂ ಸ್ವಲ್ಪ ಉದುರುತ್ತದೆ, ಅದನ್ನು ತಡೆಯಲು ಆಗಲ್ಲ, ಕಡಿಮೆ ಮಾಡಬಹುದು. ನಿಮಗೆ ಸುಮ್ನೆಓದುಗರ ದಾರಿಯೇ ಸರಿ, ಜಾಗ ಇದ್ದರೆ. ಇಲ್ಲದಿದ್ದರೆ ಕೊಂಬೆಗಳನ್ನು ಪೂರ್ತಿ ಒತ್ತದೆ ಸಡಿಲವಾಗಿ ಎತ್ತಿ, ಕೊಂಬೆಗಳ ನಡುವೆ ಅಚ್ಚಾಗದ ಬಿಳಿ ಕಾಗದ ಇಟ್ಟು, ದೊಡ್ಡ ಚೀಲ ಹುಡುಕಿ. ನ್ಯೂಸ್‌ಪೇಪರ್ ಬೇಡ, ಮಸಿ ಬಿಳಿಗೆ ಹತ್ತುತ್ತದೆ.

ನೀರು ತಾಗಿಸಲೇಬೇಡಿ, ಅಂಟು ಬಿಟ್ಟು ಮುದ್ದೆಯಾಗುತ್ತದೆ. ತೇವ ಇರುವ ಕಡೆ ಇಟ್ಟರೆ ಬೂಷ್ಟು ಹಿಡಿಯುವುದಕ್ಕೂ ಕಾಗದದ ನಾರು ಒಳ್ಳೇ ಆಹಾರ. ಬೆಳಕು, ಬಿಸಿ ತಾಗಿದರೆ ಹಳದಿಯಾಗುತ್ತದೆ. ಎಲ್ಲ ಮರಗಳಲ್ಲಿ ಇದೇ ಜಾಸ್ತಿ ಹಟಮಾರಿ.

ಬಿಳಿಮಂಜು

ಕೊಳ್ಳುವಾಗ ಇದನ್ನು ಯಾರೂ ಹೇಳಲಿಲ್ಲ ನೋಡಿ. ಚೆಂದ ಅಂತೂ ಇದೆ.

ಸುಮ್ನೆಓದುಗ

ಮರ ತೊಳೆದು ಇಡಬೇಕೋ ಬೇಡವೋ? ನನ್ನದರ ಮೇಲೆ ಧೂಳಿನ ಪದರವೇ ಇದೆ, ಬೆಡ್‌ಶೀಟ್ ಹೊದಿಸಿದ್ದರೂ.

ಗುಂಡುಸೂಜಿ

ಲೈಟು ಇರುವ ಮರವನ್ನು ತೊಳೆಯಬೇಡಿ. ಪ್ಲಗ್ ಕಿತ್ತು, ಒಣಗಿದ ಮೆತ್ತನೆ ಪೇಂಟ್ ಬ್ರಶ್ಶಿನಿಂದ ಮೇಲಿನಿಂದ ಕೆಳಗೆ ಝಾಡಿಸಿ. ವ್ಯಾಕ್ಯೂಮ್ ಕ್ಲೀನರಿಗೆ ಮೆತ್ತನೆ ಬ್ರಶ್ಶಿನ ಬಾಯಿ ಇದ್ದರೆ ಅದೂ ಆಗುತ್ತದೆ. ಜಿಡ್ಡು ಹಿಡಿದ ಜಾಗಕ್ಕೆ ಮಾತ್ರ ಹಿಂಡಿದ ಒದ್ದೆ ಬಟ್ಟೆ.

ಲೈಟು ಇಲ್ಲದ ಬರೀ ಮರವಾದರೆ ಸೋಪು ನೀರಿನಲ್ಲಿ ತೊಳೆಯಬಹುದು, ಆದರೆ ಒಣಗಿಸುವುದರಲ್ಲಿ ಆತುರ ಬೇಡ. ಎಲೆ ಒಣಗಿದ್ದು ಕಣ್ಣಿಗೆ ಕಾಣುತ್ತದೆ, ಕಂಬದ ಒಳಗಿನದು ಕಾಣುವುದಿಲ್ಲ. ಕಂಬ ಟೊಳ್ಳು ಕಬ್ಬಿಣದ ಕೊಳವೆ. ಹೊರಗೆ ಹಸಿರು ಬಣ್ಣ ಬಳಿದಿರುತ್ತಾರೆ, ಒಳಗೆ ಏನೂ ಇರಲ್ಲ. ನೀರು ನಿಂತರೆ ತುಕ್ಕು ಶುರುವಾಗುವುದು ಅಲ್ಲಿಂದ, ಆಮೇಲೆ ಒಂದು ತುಂಡು ಇನ್ನೊಂದರೊಳಗೆ ಕೂರುವುದೂ ಇಲ್ಲ, ಕೂತರೆ ಬಿಡಿಸಲು ಬರುವುದೂ ಇಲ್ಲ. ತೊಳೆದ ಮೇಲೆ ಕಂಬವನ್ನು ತಲೆಕೆಳಗೆ ಮಾಡಿ ನಿಲ್ಲಿಸಿ, ಬಾಯಿಗೆ ಟಿಶ್ಯೂ ಕಾಗದ ತುರುಕಿ ತೆಗೆದು ನೋಡಿ. ಒದ್ದೆ ಹತ್ತಿದರೆ ಇನ್ನೂ ಬಿಡಿ.

ಹಳೇಪೆಟ್ಟಿಗೆ

ಝಾಡಿಸುವ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. ಮನೆಯಲ್ಲಿ ತುಂಬಾ ಹಳೇ ಪಿವಿಸಿ ಮರ ಇದ್ದು, ಅದು ಮುಟ್ಟಿದರೆ ಪುಡಿ ಉದುರಿಸುವ ಸ್ಥಿತಿಯಲ್ಲಿದ್ದರೆ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಪಿವಿಸಿ ಬಿಸಿಗೆ ಕೆಡದಿರಲಿ ಅಂತ ಹಿಂದೆ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ಪ್ಲಾಸ್ಟಿಕ್ಕು ಜೀರ್ಣವಾದಂತೆ ಆ ಸೀಸ ಧೂಳಿನ ಜೊತೆ ಬರಬಹುದು. ಅಂಥ ಮರವನ್ನು ಜೋಪಾನ ಮಾಡುವುದಕ್ಕಿಂತ ಕೈಬಿಡುವುದೇ ವಾಸಿ.

ಕೊಂಬೆರೆಂಬೆ

ನನ್ನದು ಅಷ್ಟು ಹಳೇದಲ್ಲ. ಈಗ ಚೀಲದ ಪ್ರಶ್ನೆ. ಜಿಪ್ ಇರುವ ಬಟ್ಟೆ ಚೀಲವೋ, ಮುಚ್ಚಳದ ಪ್ಲಾಸ್ಟಿಕ್ ಡಬ್ಬವೋ, ಇಲ್ಲ ಹಳೇ ರಟ್ಟಿನ ಪೆಟ್ಟಿಗೆಗೇ ಟೇಪು ಸುತ್ತಲೋ? ಜೊತೆಗೆ ನುಸಿ ಗುಳಿಗೆ ಹಾಕಬೇಕಾ?

ತಂತಿಗಂಟು

ನುಸಿ ಗುಳಿಗೆ ಬೇಡ. ನ್ಯಾಫ್ತಲೀನ್ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ವಾಸನೆ ಅಂತೂ ಹಬ್ಬದ ಕೋಣೆ ತುಂಬ. ಮಕ್ಕಳು ಮಿಠಾಯಿ ಅಂತ ಬಾಯಿಗೆ ಹಾಕಿದರೆ ಆಸ್ಪತ್ರೆಗೆ ಓಡಬೇಕು.

ಇನ್ನೊಂದು ಯಾರೂ ಗಮನಿಸದ್ದು, ಥರ್ಮೋಕೋಲ್. ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲಿನ ನಡುವೆ ಲೈಟಿನ ಸರ ಇಡಬೇಡಿ. ವೈರಿನ ಹೊದಿಕೆಯೂ ಪಿವಿಸಿಯೇ. ಅದರೊಳಗಿನ ಪ್ಲಾಸ್ಟಿಸೈಸರ್ ಥರ್ಮೋಕೋಲಿಗೆ ಇಳಿದು ಅದನ್ನು ಕರಗಿಸುತ್ತದೆ, ವೈರು ಹೂತುಹೋದ ಹಾಗೆ ಗುಂಡಿ ಬೀಳುತ್ತದೆ. ಅತ್ತ ವೈರಿನ ಹೊದಿಕೆ ಗಡುಸಾಗಿ ಬಾಗಿಸಿದರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ವೈರನ್ನು ಮತ್ತೆ ಬಳಸುವಂತಿಲ್ಲ. ಬಿಡಿ ಸರ ಇದ್ದವರು ಒಂದು ರಟ್ಟಿನ ತುಂಡಿನ ಎರಡು ಅಂಚಿಗೆ ಸೀಳು ಮಾಡಿ ಅದಕ್ಕೆ ಸುತ್ತಿ. ಮೊಣಕೈಗೆ ಬಿಗಿಯಾಗಿ ಸುತ್ತಿ ಗಂಟು ಹಾಕುವುದೇ ಬೇಡ.

ಗುಂಡುಸೂಜಿ

ರಟ್ಟು ತೇವ ಎಳೆಯುತ್ತದೆ, ಜಿರಳೆಗೂ ಇಲಿಗೂ ಇಷ್ಟ. ಒಣ ಜಾಗವಾದರೆ ತಾತ್ಕಾಲಿಕಕ್ಕೆ ನಡೆಯುತ್ತದೆ.

ಚೀಲ ತರುವುದಾದರೆ ಗಟ್ಟಿ ಪಾಲಿಯೆಸ್ಟರ್ ಬಟ್ಟೆಯದು, ಕೈಹಿಡಿಯನ್ನು ಚೀಲದ ತಳದವರೆಗೂ ಸುತ್ತಿ ಹೊಲಿದಿರುವುದು ನೋಡಿ ತೆಗೆದುಕೊಳ್ಳಿ. ಬಾಯಿಗೆ ಮಾತ್ರ ಹೊಲಿದ ಕೈಹಿಡಿ ಎತ್ತಿದ ತಕ್ಷಣ ಕಿತ್ತುಬರುತ್ತದೆ. ನಾನ್‌ವೋವನ್ ಚೀಲಗಳು ಬೆಳಕು ಬೀಳುವ ಕಡೆ ಇದ್ದರೆ ಪುಡಿಪುಡಿ ಆಗುತ್ತವೆ. ಮುಟ್ಟಿದರೆ ಕೈಗೆ ಚೂರು ಬರುತ್ತದೆ, ಮರದ ಎಲೆಗಳ ಸಂದಿಯಿಂದ ಅದನ್ನು ಹೆಕ್ಕುವುದು ಯಾರಿಗೂ ಬೇಡ.

ಮುಚ್ಚಳದ ಡಬ್ಬ ಇಲಿಗೆ ಒಳ್ಳೇ ಉತ್ತರ. ಆದರೆ ಮರ ಪೂರ್ತಿ ಒಣಗಿರಬೇಕು, ಒಳಗೆ ಸಿಕ್ಕಿಕೊಂಡ ತೇವ ಎಲ್ಲಿಗೂ ಹೋಗುವುದಿಲ್ಲ.

ಸುಮ್ನೆಓದುಗ

ಶೂ ಪೆಟ್ಟಿಗೆಯಲ್ಲಿ ಬರುವ ಆ ಸಣ್ಣ ಸಿಲಿಕಾ ಪೊಟ್ಟಣ ಕೂಡಿಟ್ಟಿದ್ದೇನೆ, ಒಂದು ಹಿಡಿ ಇವೆ. ಹಾಕಿದರಾಯಿತಲ್ಲ?

ತಂತಿಗಂಟು

ಹೊರಗೆ ಬಿದ್ದಿದ್ದ ಪೊಟ್ಟಣ ಆಗಲೇ ಹೊಟ್ಟೆ ತುಂಬ ತೇವ ಕುಡಿದಿರುತ್ತದೆ. ಅದನ್ನು ಹಾಕಿದರೆ ಸಮಾಧಾನ ಅಷ್ಟೇ. ಸಿಲಿಕಾ ಜೆಲ್ ಅನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಆದರೆ ಪೊಟ್ಟಣದ ಕವರು ಆ ಬಿಸಿ ತಡೆಯಬೇಕಲ್ಲ. ನೀಲಿ ಬಣ್ಣದ ಕಾಳು ಸಿಕ್ಕರೆ ಅದು ತೇವ ಕುಡಿದಾಗ ಗುಲಾಬಿಯಾಗುತ್ತದೆ, ಬದಲಿಸಬೇಕಾದದ್ದು ಗೊತ್ತಾಗುತ್ತದೆ. ಅದನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು.

ಮತ್ತೆ ಇದೆಲ್ಲ ಮುಚ್ಚಳ ಬಿಗಿ ಇರುವ ಡಬ್ಬಕ್ಕೆ ಮಾತ್ರ. ಜಿಪ್ ಇರುವ ಬಟ್ಟೆ ಚೀಲಕ್ಕೆ ಸಿಲಿಕಾ ಹಾಕುವುದು ಕಿಟಕಿ ತೆರೆದಿಟ್ಟು ಎಸಿ ಹಾಕುವ ಕೆಲಸ.

ಕೊಂಬೆರೆಂಬೆ

ಮೆಟ್ಟಿಲ ಕೆಳಗೆ ಇವತ್ತು ಟಾರ್ಚು ಹಿಡಿದು ನೋಡಿದೆ. ಹೊರಗಿನ ಗೋಡೆಯ ಕಡೆ ಕೆಳಗೆ ಸುಣ್ಣ ಉಬ್ಬಿದೆ, ಕೈ ಇಟ್ಟರೆ ತಂಪು. ಇನ್ನೊಂದು ಬದಿ ಒಣಗಿದೆ, ಆದರೆ ಅಲ್ಲೇ ಕರೆಂಟಿನ ಬೋರ್ಡು.

ಹಳೇಪೆಟ್ಟಿಗೆ

ಉಬ್ಬಿದ ಸುಣ್ಣ ಅಂದರೆ ಗೋಡೆಯೊಳಗೆ ನೀರು ಬರುತ್ತಿದೆ. ಅದರ ಪಕ್ಕ ಬೇಡ. ಬೋರ್ಡಿನ ಕೆಳಗೂ ಬೇಡ. ಬೆಂಕಿ ಬೇಗ ಹತ್ತುವುದಿಲ್ಲ ಅಂತ ಈ ಮರಗಳ ಪೆಟ್ಟಿಗೆ ಮೇಲೆ ಬರೆದಿದ್ದರೂ, ಹತ್ತುವುದೇ ಇಲ್ಲ ಅಂತ ಅರ್ಥ ಅಲ್ಲ. ಪಿವಿಸಿ ಉರಿದರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಕಣ್ಣು ಗಂಟಲು ಸುಡುವ ಅನಿಲ. ಬೋರ್ಡಿನ ಹತ್ತಿರ ಯಾವ ಸಾಮಾನೂ ಪೇರಿಸಬಾರದು, ಮೆಟ್ಟಿಲು ಅಂದರೆ ಓಡಿಹೋಗುವ ದಾರಿಯೂ ಹೌದು.

ಬೇರೆ ಜಾಗ ನೋಡಿ. ಮಂಚದ ಕೆಳಗೆ? ಮಡಚಿ ಸುತ್ತಿದ ತುಂಡುಗಳು ಉದ್ದಕ್ಕೆ ಸಾಲಾಗಿ ಮಲಗುತ್ತವೆ, ಅಲ್ಲಿ ಬಿಸಿಲೂ ಇಲ್ಲ, ತೇವವೂ ಕಡಿಮೆ. ಬೀರುವಿನ ಮೇಲೂ ಆಗಬಹುದು, ಅದು ಚಾವಣಿಗೆ ತೀರಾ ತಾಗಿಕೊಂಡಿಲ್ಲದಿದ್ದರೆ.

ಕೊಂಬೆರೆಂಬೆ

ಮಂಚದ ಕೆಳಗೆ! ಅದು ಹೊಳೆದೇ ಇರಲಿಲ್ಲ. ಅಳೆದೆ, ಸುತ್ತಿದ ಬುಡದ ತುಂಡು ಬೆರಳಂಚಿನಲ್ಲಿ ಹೋಗುತ್ತದೆ.

ಗುಂಡುಸೂಜಿ

ಹೋಗುತ್ತದೆ ಅಂತ ಮಂಚದ ಹಲಗೆ ಒತ್ತುವ ಹಾಗೆ ತುರುಕಬೇಡಿ. ಮತ್ತೆ ನೆಲಕ್ಕೆ ನೇರ ಬೇಡ, ಕೆಳಗೆ ಒಂದು ಹಲಗೆ ಇರಲಿ. ಚೀಲದ ಮೇಲೆ ಬೇರೆ ಸೂಟ್‌ಕೇಸು ಏರಿಸಬೇಡಿ.

ಬಿಳಿಮಂಜು

ನಮ್ಮ ಅಕ್ಕನ ಮನೆಯದು ಕೊಂಬೆ ಒಂದೊಂದಾಗಿ ಕಂಬಕ್ಕೆ ಸಿಕ್ಕಿಸುವ ಮಾದರಿ. ಕೊಂಬೆಯ ತುದಿಗೆ ಬಳಿದಿದ್ದ ಬಣ್ಣ ಅಳಿಸಿಹೋಗಿ ಯಾವ ಕೊಂಬೆ ಎಲ್ಲಿಗೆ ಅಂತ ಗೊತ್ತಾಗುವುದಿಲ್ಲ. ಜೋಡಿಸುವುದರಲ್ಲಿ ಪ್ರತಿ ವರ್ಷ ಜಗಳ.

ಹಳೇಪೆಟ್ಟಿಗೆ

ಬಿಚ್ಚುವಾಗಲೇ ಗುರುತು ಹಾಕಬೇಕು, ಈಗ ಮರ ನಿಂತಿದ್ದರೆ ಒಳ್ಳೇ ಸಮಯ. ಕೆಳಗಿನ ಸಾಲಿಗೆ ಒಂದು ಬಣ್ಣದ ನೇಲ್ ಪಾಲಿಶ್, ಅದರ ಮೇಲಿನದಕ್ಕೆ ಇನ್ನೊಂದು. ಕೊಂಬೆಯ ಕೊಕ್ಕೆಗೂ ಹಚ್ಚಿ, ಕಂಬದ ತೂತಿನ ಪಕ್ಕಕ್ಕೂ ಹಚ್ಚಿ. ಒಂದೊಂದು ಸಾಲಿನ ಕೊಂಬೆಗಳನ್ನು ಬೇರೆ ಬೇರೆ ಕಟ್ಟು ಮಾಡಿ. ಆಗಲೇ ಬಿಚ್ಚಿಬಿಟ್ಟಿದ್ದರೆ ಉದ್ದ ನೋಡಿ ವಿಂಗಡಿಸಿ, ಉದ್ದದ್ದೇ ಕೆಳಗಿನ ಸಾಲು.

ಇದರಲ್ಲಿ ಹಿಂದಿನವರು ನಮಗಿಂತ ಜಾಣರು. 1959ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೋವಾಕ್‌ನಲ್ಲಿದ್ದ ಅಲ್ಯೂಮಿನಮ್ ಸ್ಪೆಷಾಲಿಟಿ ಕಂಪನಿ ಎವರ್‌ಗ್ಲೀಮ್ ಅನ್ನುವ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಮರ ತಂದಿತು. ಅದರ ಒಂದೊಂದು ಕೊಂಬೆಗೂ ಒಂದೊಂದು ಕಾಗದದ ಕೊಳವೆ ಬರುತ್ತಿತ್ತು. ತೆಗೆಯುವಾಗ ಕೊಂಬೆಯನ್ನು ಬುಡದಿಂದ ಅದರೊಳಗೆ ಎಳೆದರೆ ಎಳೆಗಳು ಒಂದೇ ದಿಕ್ಕಿಗೆ ಮಲಗಿ ಸುಕ್ಕಾಗದೆ ಉಳಿಯುತ್ತಿದ್ದವು. ಇವತ್ತಿಗೂ ಆ ಮರಗಳನ್ನು ಕೂಡಿಡುವವರು ಕಾಗದದ ಕೊಳವೆ ಇದೆಯಾ ಅಂತ ಕೇಳುತ್ತಾರೆ. ಅದಕ್ಕೆ ಲೈಟಿನ ಸರ ಮಾತ್ರ ಹಾಕುವಂತಿರಲಿಲ್ಲ, ಲೋಹವಲ್ಲವೇ, ಶಾಕ್ ಹೊಡೆಯುವ ಅಪಾಯ. ಬಣ್ಣದ ಚಕ್ರ ತಿರುಗುವ ಒಂದು ದೀಪವನ್ನು ನೆಲದಲ್ಲಿ ಇಟ್ಟು ಮರದ ಮೇಲೆ ಬೆಳಕು ಬಿಡುತ್ತಿದ್ದರು.

ಸುಮ್ನೆಓದುಗ

ಕಾಗದದ ಕೊಳವೆ ಒಳ್ಳೇ ಐಡಿಯಾ. ಸಿಕ್ಕಿಸುವ ಕೊಂಬೆಗಳಿಗೆ ಕ್ಯಾಲೆಂಡರ್ ಹಾಳೆ ಸುರುಳಿ ಮಾಡಿದರೂ ನಡೆಯುತ್ತದೆ, ಅಲ್ವಾ?

ಹಳೇಪೆಟ್ಟಿಗೆ

ನಡೆಯುತ್ತದೆ. ಹಳೇ ಕ್ಯಾಲೆಂಡರಿಗೆ ಇದಕ್ಕಿಂತ ಒಳ್ಳೇ ಗತಿ ಇಲ್ಲ.

ಬಿಳಿಮಂಜು

ಈಗಾಗಲೇ ಚಪ್ಪಟೆ ಆಗಿರುವ ಕೊಂಬೆಗೆ ಏನಾದರೂ ಉಪಾಯ ಇದೆಯಾ? ಹೇರ್ ಡ್ರೈಯರ್ ಹಿಡಿಯಬಹುದು ಅಂತ ಎಲ್ಲೋ ಕೇಳಿದೆ.

ಗುಂಡುಸೂಜಿ

ಹಿಮದ ಮರಕ್ಕೂ ಲೈಟಿನ ಮರಕ್ಕೂ ಬೇಡ. ಬರೀ ಹಸಿರು ಪಿವಿಸಿ ಆದರೆ ಕಡಿಮೆ ಬಿಸಿಯಲ್ಲಿ, ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹಿಡಿದು, ಬೆರಳಲ್ಲಿ ಎಳೆಗಳನ್ನು ನಿಲ್ಲಿಸಿ. ಹೆಚ್ಚು ಬಿಸಿ ಆದರೆ ಎಲೆ ಸುರುಟಿಕೊಳ್ಳುತ್ತದೆ, ಅದು ಮತ್ತೆ ಬರಲ್ಲ.

ಚಳಿ ಇರುವ ಕೋಣೆಯಿಂದ ತೆಗೆದ ಮರವನ್ನೂ ಕೂಡಲೇ ಬಿಡಿಸಬೇಡಿ. ಚಳಿಗೆ ಪಿವಿಸಿ ಗಡುಸಾಗಿರುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಒಂದು ರಾತ್ರಿ ಚೀಲದಲ್ಲೇ ಇರಲಿ.

ಕೊಂಬೆರೆಂಬೆ

ಎಲ್ಲ ಆಯಿತು. ರೆಂಬೆ ಮೊದಲು ಮಡಚುವ ಉಪಾಯದಿಂದ ಮೂರೂ ತುಂಡು ಆ ಹಳೇ ಪೆಟ್ಟಿಗೆಗೇ ಹಿಡಿಸಿತು, ನಂಬಲು ಆಗುತ್ತಿಲ್ಲ. ಆದರೂ ರಟ್ಟು ಬೇಡ ಅಂದಿದ್ದಕ್ಕೆ ಚೀಲಕ್ಕೇ ಹಾಕಿ ಮಂಚದ ಕೆಳಗೆ ತಳ್ಳಿದೆ. ಈಗ ಕೈಯಲ್ಲಿ ಸ್ಟ್ಯಾಂಡು, ಅದರ ಮೂರು ತಿರುಪುಮೊಳೆ ಉಳಿದಿವೆ. ಇವನ್ನು ಎಲ್ಲಿಡಲಿ? ಹೋದ ಸಲ ಡ್ರಾಯರಿನಲ್ಲಿಟ್ಟು ಮನೆಯೆಲ್ಲಾ ಹುಡುಕಿದ್ದು.

ತಂತಿಗಂಟು

ಡ್ರಾಯರು ಬೇಡ. ಸ್ಟ್ಯಾಂಡಿನ ಅದೇ ತೂತುಗಳಿಗೆ ಎರಡು ಸುತ್ತು ತಿರುಗಿಸಿ ಹಾಗೇ ಬಿಡಿ. ಸ್ಟ್ಯಾಂಡಿನ ಕಾಲು ಮಡಚಿ ಒಂದು ಹಳೇ ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿ, ಎಲೆ ಮೇಲೆ ಬೀಳಬಾರದು.

ಕೊಂಬೆರೆಂಬೆ

ತಳಕ್ಕಾ? ಚೀಲ ಮತ್ತೆ ಹೊರಗೆ ಎಳೆಯಬೇಕು ಹಾಗಾದರೆ.

ಗುಂಡುಸೂಜಿ

ಪಕ್ಕದಲ್ಲೇ ಇಟ್ಟರೂ ಆಗುತ್ತದೆ ಬಿಡಿ. ಟವೆಲನ್ನು ಚೀಲದ ಕೈಹಿಡಿಗೆ ಗಂಟು ಹಾಕಿ, ಎರಡೂ ಒಟ್ಟಿಗೆ ಬರುತ್ತವೆ.